ಕೈಗಾರಿಕಾ ಕ್ಯಾಮೆರಾಗಳ ದತ್ತಾಂಶ ರವಾನೆಯ ಮಾನಕಗಳು: ಒಂದು ಚಾರಿತ್ರಿಕ ಅವಲೋಕನ

ಪೀಠಿಕೆ

ಸಾಗುಪಟ್ಟಿಯ ಮೇಲೆ ಹಾದುಹೋಗುವ ಸೀಸೆಯ ಮುಚ್ಚಳ ಸರಿಯಾಗಿ ಕುಳಿತಿದೆಯೆ, ಮಾತ್ರೆಗಳ ಹಾಳೆಯಲ್ಲಿ ಯಾವುದಾದರೂ ಗುಳಿ ಬರಿದಾಗಿ ಉಳಿದಿದೆಯೆ, ವಿದ್ಯುನ್ಮಾನ ಫಲಕದ ಮೇಲೆ ಬೆಸುಗೆ ತಪ್ಪಿಹೋಗಿದೆಯೆ ಎಂಬಂತಹ ಪರಿಶೀಲನೆಗಳನ್ನು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದೀಚೆಗೆ ಕ್ಯಾಮೆರಾ ಮತ್ತು ಗಣಕಯಂತ್ರಗಳು ಕೂಡಿ ನಿರ್ವಹಿಸುತ್ತಿವೆ. ಈ ಶಾಖೆಗೆ ಯಂತ್ರದೃಷ್ಟಿ ಎಂದು ಹೆಸರು. ಇದರ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಸಂವೇದಕಗಳ ಬೆಳವಣಿಗೆಯನ್ನೋ ಚಿತ್ರ ವಿಶ್ಲೇಷಣೆಯ ಗಣಿತವನ್ನೋ ಮುಂದಿಟ್ಟುಕೊಳ್ಳುತ್ತಾರೆ. ನೋಡುವ ಕ್ಯಾಮೆರಾ ಮತ್ತು ನಿರ್ಧರಿಸುವ ಗಣಕಯಂತ್ರ ಇವೆರಡರ ನಡುವೆ ಇರುವ ತಂತಿ ಮಾತ್ರ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಆದರೆ ಯಾವ ಕ್ಯಾಮೆರಾವನ್ನು ಯಾವ ಗಣಕಯಂತ್ರಕ್ಕೆ ಜೋಡಿಸಬಹುದು, ಕೆಟ್ಟುಹೋದ ಕ್ಯಾಮೆರಾದ ಸ್ಥಾನದಲ್ಲಿ ಬೇರೊಬ್ಬ ತಯಾರಕರ ಕ್ಯಾಮೆರಾವನ್ನು ಇಡಬಹುದೆ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ಆ ತಂತಿಯ ಸುತ್ತ ಏರ್ಪಟ್ಟ ಒಪ್ಪಂದಗಳಲ್ಲಿಯೇ.

ಇಂತಹ ಒಪ್ಪಂದವನ್ನು ಮೂರು ಸ್ತರಗಳಾಗಿ ವಿಂಗಡಿಸಬಹುದು. ಮೊದಲನೆಯದು ಭೌತಿಕ ಸ್ತರ. ಕೇಬಲ್ಲಿನ ಬಗೆ, ಕನೆಕ್ಟರಿನ ಆಕಾರ, ವಿದ್ಯುತ್ ಸಂಕೇತದ ಮಟ್ಟ ಇವು ಇದಕ್ಕೆ ಸೇರುತ್ತವೆ. ಎರಡನೆಯದು ರವಾನೆಯ ಸ್ತರ. ಚಿತ್ರದ ದತ್ತಾಂಶವನ್ನು ಹೇಗೆ ತುಂಡರಿಸಿ, ಯಾವ ಕ್ರಮದಲ್ಲಿ ಕಳುಹಿಸಬೇಕು ಎಂಬುದನ್ನು ಇದು ಹೇಳುತ್ತದೆ. ಮೂರನೆಯದು ನಿಯಂತ್ರಣದ ಭಾಷೆ. ಕ್ಯಾಮೆರಾಕ್ಕೆ ಆಜ್ಞೆ ನೀಡುವಾಗ ಯಾವ ಹೆಸರುಗಳನ್ನು, ಯಾವ ಅಳತೆಗಳನ್ನು ಬಳಸಬೇಕು ಎಂಬುದು ಇಲ್ಲಿನ ವಿಷಯ. ಸುಮಾರು ಅರ್ಧ ಶತಮಾನದ ಬೆಳವಣಿಗೆಯನ್ನು ಈ ಮೂರು ಸ್ತರಗಳ ದೃಷ್ಟಿಯಿಂದ ಪರಿಶೀಲಿಸಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ತಂತಿಗಳು ಬಂದು ಹೋದವು. ತಂತಿಯಿಂದ ಬೇರ್ಪಟ್ಟು ನಿಂತ ಭಾಷೆಯ ಒಪ್ಪಂದವೇ ಬಳಕೆದಾರನಿಗೆ ನಿಜವಾದ ಸ್ವಾತಂತ್ರ್ಯವನ್ನು ತಂದುಕೊಟ್ಟಿತು. ಈ ಅಭಿಪ್ರಾಯವನ್ನು ಪ್ರಮುಖ ಮಾನಕಗಳ ಇತಿಹಾಸದ ಮೂಲಕ ಸಮರ್ಥಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ದೂರದರ್ಶನದ ಬಳುವಳಿ

ಕೈಗಾರಿಕಾ ಕ್ಯಾಮೆರಾದ ಮೊದಲ ಮಾನಕ ಕೈಗಾರಿಕೆಗಾಗಿ ಹುಟ್ಟಿದ್ದಲ್ಲ. ಅದು ದೂರದರ್ಶನದಿಂದ ಬಂದ ಬಳುವಳಿ. ಅಮೆರಿಕದಲ್ಲಿ 1941ರಲ್ಲಿ ಅಂಗೀಕೃತವಾದ 525 ಗೆರೆಗಳ ದೂರದರ್ಶನ ಪದ್ಧತಿಯನ್ನು ಆಧರಿಸಿದ ಆರ್‌ಎಸ್-170 ಎಂಬ ಕಪ್ಪುಬಿಳುಪು ಸಂಕೇತ ಅಲ್ಲಿಯ ಕ್ಯಾಮೆರಾಗಳ ಸಾಮಾನ್ಯ ಭಾಷೆಯಾಯಿತು. ಯುರೋಪಿನಲ್ಲಿ 625 ಗೆರೆಗಳ, ಸೆಕೆಂಡಿಗೆ 25 ಚಿತ್ರಗಳ ಸಿಸಿಐಆರ್ ಪದ್ಧತಿ ನೆಲೆಗೊಂಡಿತು. ಭಾರತದ ದೂರದರ್ಶನವೂ ಈ ಎರಡನೆಯ ಕುಟುಂಬಕ್ಕೆ ಸೇರಿದುದು. ಎರಡೂ ಪದ್ಧತಿಗಳಲ್ಲಿ 75 ಓಮ್ ಪ್ರತಿರೋಧದ ಏಕಾಕ್ಷ ಕೇಬಲ್ ಮತ್ತು ತಿರುಗಿಸಿ ಬಿಗಿಯುವ ಬಿಎನ್‌ಸಿ ಕನೆಕ್ಟರು ಸಾಮಾನ್ಯವಾಗಿ ಬಳಕೆಯಲ್ಲಿದ್ದವು.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಅವರು ರೂಪಿಸಿದ ಸಿಸಿಡಿ ಸಂವೇದಕ, ನಿರ್ವಾತ ನಳಿಕೆಯ ಕ್ಯಾಮೆರಾಗಳನ್ನು ಕ್ರಮೇಣ ಬದಿಗೆ ಸರಿಸಿತು. ಈ ಸಾಧನೆಗಾಗಿ ಅವರಿಗೆ 2009ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ಸಂವೇದಕ ಬದಲಾದರೂ ತಂತಿ ಬದಲಾಗಲಿಲ್ಲ ಎಂಬುದು ಗಮನಾರ್ಹ. ಸಿಸಿಡಿಯಲ್ಲಿ ಚಿತ್ರವು ಬಿಡಿಬಿಡಿ ಬಿಂದುಗಳಾಗಿಯೇ ರೂಪುಗೊಳ್ಳುತ್ತಿತ್ತು. ಕ್ಯಾಮೆರಾ ಅದನ್ನು ದೂರದರ್ಶನದ ಅಖಂಡ ಅಲೆಯಾಗಿ ಮಾರ್ಪಡಿಸಿ ಕಳುಹಿಸುತ್ತಿತ್ತು. ಗಣಕಯಂತ್ರದೊಳಗೆ ಕೂರಿಸಿದ ಫ್ರೇಮ್ ಗ್ರ್ಯಾಬರ್ ಎಂಬ ಫಲಕ ಆ ಅಲೆಯನ್ನು ಮತ್ತೆ ಬಿಂದುಗಳಾಗಿ ಕತ್ತರಿಸುತ್ತಿತ್ತು. ಕ್ಯಾಮೆರಾದ ಗಡಿಯಾರಕ್ಕೂ ಫಲಕದ ಗಡಿಯಾರಕ್ಕೂ ಪೂರ್ಣ ಹೊಂದಿಕೆ ಇಲ್ಲದ್ದರಿಂದ ಸಂವೇದಕದ ಬಿಂದು ಮತ್ತು ಗಣಕಯಂತ್ರದ ಬಿಂದು ಒಂದೇ ಆಗಿರುತ್ತಿರಲಿಲ್ಲ. ಚಿತ್ರವನ್ನು ಕಣ್ಣಿನಿಂದ ನೋಡುವವರಿಗೆ ಇದು ದೋಷವೆನಿಸದು. ಬಿಂದುವಿನ ಒಂದಂಶದಷ್ಟು ನಿಖರತೆಯಲ್ಲಿ ಅಳತೆ ಮಾಡಬೇಕಾದ ಯಂತ್ರಕ್ಕೆ ಇದು ದೊಡ್ಡ ತೊಡಕು.

ಇನ್ನೊಂದು ತೊಡಕು ಹೆಣೆದ ಗೆರೆಗಳ ಪದ್ಧತಿಯಿಂದ ಉಂಟಾಯಿತು. ದೂರದರ್ಶನದಲ್ಲಿ ಬೆಸ ಗೆರೆಗಳನ್ನೊಮ್ಮೆ, ಸರಿ ಗೆರೆಗಳನ್ನೊಮ್ಮೆ ಕಳುಹಿಸಲಾಗುತ್ತಿತ್ತು. ಈ ಎರಡು ಅರ್ಧಗಳ ನಡುವೆ ಅಮೆರಿಕದ ಪದ್ಧತಿಯಲ್ಲಿ ಸೆಕೆಂಡಿನ 60ನೆಯ ಒಂದು ಭಾಗ ಕಳೆದಿರುತ್ತಿತ್ತು. ಅಷ್ಟರಲ್ಲಿ ಸಾಗುಪಟ್ಟಿಯ ಮೇಲಿನ ವಸ್ತು ಮುಂದೆ ಸರಿದಿರುತ್ತಿದ್ದುದರಿಂದ ಅದರ ಅಂಚು ಬಾಚಣಿಗೆಯ ಹಲ್ಲುಗಳಂತೆ ಮೂಡುತ್ತಿತ್ತು.

ಇಷ್ಟೆಲ್ಲ ಕೊರತೆಗಳಿದ್ದರೂ ಈ ಕಾಲದ ಒಂದು ಗುಣವನ್ನು ಮರೆಯುವಂತಿಲ್ಲ. ಯಾವ ತಯಾರಕರ ಕ್ಯಾಮೆರಾವಾದರೂ ಯಾವ ತಯಾರಕರ ಫಲಕಕ್ಕಾದರೂ ಹೊಂದುತ್ತಿತ್ತು. ಕ್ಯಾಮೆರಾಕ್ಕೆ ಆಜ್ಞೆ ನೀಡುವ ಪ್ರಮೇಯವೇ ಇರಲಿಲ್ಲ. ಬೇಕಾದ ಹೊಂದಾಣಿಕೆಗಳನ್ನು ಅದರ ಬೆನ್ನಿಗಿದ್ದ ಸಣ್ಣ ಗುಂಡಿಗಳಿಂದ ಮಾಡಿಕೊಳ್ಳಲಾಗುತ್ತಿತ್ತು. ಮೂರನೆಯ ಸ್ತರ ಇಲ್ಲದಿದ್ದುದರಿಂದಲೇ ಅದರ ಅಭಾವ ಯಾರಿಗೂ ತಟ್ಟಲಿಲ್ಲ.

ಸಮಾನಾಂತರ ತಂತಿಗಳ ಕಾಲ

1990ರ ದಶಕದಲ್ಲಿ ಸಂವೇದಕಗಳು ದೂರದರ್ಶನದ ಚೌಕಟ್ಟನ್ನು ಮೀರಿ ಬೆಳೆದವು. 640ಕ್ಕೆ 480 ಬಿಂದುಗಳ ಕಪ್ಪುಬಿಳುಪು ಚಿತ್ರವನ್ನು ಬಿಂದುವಿಗೊಂದು ಬೈಟಿನಂತೆ ಸೆಕೆಂಡಿಗೆ 30 ಬಾರಿ ಕಳುಹಿಸಿದರೆ ಸುಮಾರು 92 ಲಕ್ಷ ಬೈಟುಗಳಾಗುತ್ತವೆ. ದೂರದರ್ಶನದ ಅಲೆಗೆ ಅಷ್ಟು ಸಾಕಾಗಿತ್ತು. ಹತ್ತು ಲಕ್ಷ ಬಿಂದುಗಳ ಸಂವೇದಕಗಳಿಗೆ, ಬಟ್ಟೆ ಕಾಗದ ಉಕ್ಕಿನ ಹಾಳೆಗಳನ್ನು ಒಂದೊಂದೇ ಗೆರೆಯಾಗಿ ಓದುವ ರೇಖಾ ಕ್ಯಾಮೆರಾಗಳಿಗೆ ಆ ಅಲೆ ಸಾಲದಾಯಿತು. ಆದ್ದರಿಂದ ಚಿತ್ರವನ್ನು ಕ್ಯಾಮೆರಾದೊಳಗೇ ಅಂಕಿಗಳಾಗಿ ಪರಿವರ್ತಿಸಿ ಕಳುಹಿಸುವ ಪದ್ಧತಿ ಬಂದಿತು.

ಅಂಕಿಗಳನ್ನು ಕಳುಹಿಸಲು ಕಂಡುಕೊಂಡ ಮೊದಲ ಮಾರ್ಗ ಸರಳವಾದುದು. ಪ್ರತಿಯೊಂದು ಬಿಟ್ಟಿಗೂ ಒಂದು ಜೋಡಿ ತಂತಿ, ಜೊತೆಗೆ ಬಿಂದುವಿನ ಗಡಿಯಾರಕ್ಕೊಂದು, ಗೆರೆಯ ಆರಂಭಕ್ಕೊಂದು, ಚಿತ್ರದ ಆರಂಭಕ್ಕೊಂದು ಜೋಡಿ. ವಿದ್ಯುತ್ ಸಂಕೇತದ ಮಟ್ಟಕ್ಕೆ ಆರ್‌ಎಸ್-422, ಅನಂತರ ಎಲ್‌ವಿಡಿಎಸ್ ಎಂಬ ಮಾನಕಗಳು ಇದ್ದವು. ಆದರೆ ಕನೆಕ್ಟರಿನ ಆಕಾರವಾಗಲಿ, ಯಾವ ಸೂಜಿಯಲ್ಲಿ ಯಾವ ಬಿಟ್ಟು ಇರಬೇಕೆಂಬ ಕ್ರಮವಾಗಲಿ ಎಲ್ಲಿಯೂ ನಿಗದಿಯಾಗಿರಲಿಲ್ಲ. ಒಂದೊಂದು ಕ್ಯಾಮೆರಾಕ್ಕೂ ಒಂದೊಂದು ಫಲಕಕ್ಕೂ ತಕ್ಕಂತೆ ಬೇರೆ ಬೇರೆ ಕೇಬಲ್ಲುಗಳನ್ನು ಹೇಳಿ ಮಾಡಿಸಬೇಕಾಗುತ್ತಿತ್ತು. ಹತ್ತು ಬಿಟ್ಟುಗಳ ಎರಡು ಬಿಂದುಗಳನ್ನು ಒಟ್ಟಿಗೆ ಕಳುಹಿಸುವ ಕ್ಯಾಮೆರಾದ ಕೇಬಲ್ಲಿನಲ್ಲಿ ದತ್ತಾಂಶಕ್ಕಾಗಿಯೇ 40 ತಂತಿಗಳು ಬೇಕಾಗುತ್ತಿದ್ದವು. ಚಲಿಸುವ ಯಂತ್ರದ ತೋಳಿನ ಮೇಲೆ ಇಂತಹ ದಪ್ಪನೆಯ ಕೇಬಲ್ಲನ್ನು ಬಾಗಿಸಿ ಕೊಂಡೊಯ್ಯುವುದು ಕಷ್ಟದ ಕೆಲಸವಾಗಿತ್ತು.

ದೂರದರ್ಶನದ ಕಾಲದಲ್ಲಿ ಅನಾಯಾಸವಾಗಿ ದೊರೆತಿದ್ದ ಪರಸ್ಪರ ಹೊಂದಾಣಿಕೆ ಹೀಗೆ ಕಳೆದುಹೋಯಿತು. ಚಿತ್ರದ ಗುಣಮಟ್ಟ ಏರಿತು. ಬಳಕೆದಾರನ ಆಯ್ಕೆ ಕುಗ್ಗಿತು. ಕೈಗಾರಿಕೆ ತನ್ನದೇ ಮಾನಕವನ್ನು ರೂಪಿಸಿಕೊಳ್ಳಲೇಬೇಕಾದ ಸನ್ನಿವೇಶ ನಿರ್ಮಾಣವಾದದ್ದು ಈ ಘಟ್ಟದಲ್ಲಿ.

ಕ್ಯಾಮೆರಾ ಲಿಂಕ್: ದೇಹದ ಒಪ್ಪಂದ

ಅಮೆರಿಕದಲ್ಲಿ 1984ರಲ್ಲಿ ಸ್ಥಾಪನೆಯಾದ ಆಟೊಮೇಟೆಡ್ ಇಮೇಜಿಂಗ್ ಅಸೋಸಿಯೇಷನ್ ಅಥವಾ ಎಐಎ ಎಂಬ ಉದ್ಯಮ ಸಂಘಟನೆಯ ಆಶ್ರಯದಲ್ಲಿ ಕ್ಯಾಮೆರಾ ಹಾಗೂ ಫಲಕಗಳ ತಯಾರಕರು ಕೂಡಿ ಸಿದ್ಧಪಡಿಸಿದ ಕ್ಯಾಮೆರಾ ಲಿಂಕ್ ಮಾನಕ 2000ದ ಅಕ್ಟೋಬರ್ ತಿಂಗಳಲ್ಲಿ ಪ್ರಕಟವಾಯಿತು. ಪರಸ್ಪರ ಸ್ಪರ್ಧಿಗಳಾದ ಕಂಪನಿಗಳು ಯಂತ್ರದೃಷ್ಟಿಗೆಂದೇ ಒಂದು ಸಮಾನ ತಂತಿಯನ್ನು ಒಪ್ಪಿಕೊಂಡದ್ದು ಇದರ ಐತಿಹಾಸಿಕ ಮಹತ್ವ.

ಈ ಮಾನಕಕ್ಕೆ ಆಧಾರವಾದದ್ದು ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಚಾನೆಲ್ ಲಿಂಕ್ ಎಂಬ ಬಿಲ್ಲೆ. ಅದು 28 ಬಿಟ್ಟುಗಳನ್ನು ಜೋಡಿಗೆ ಏಳರಂತೆ ಸಾಲಾಗಿಸಿ ನಾಲ್ಕು ಜೋಡಿ ತಂತಿಗಳ ಮೇಲೆ ಕಳುಹಿಸುತ್ತದೆ. ಐದನೆಯ ಜೋಡಿ ಗಡಿಯಾರಕ್ಕೆ ಮೀಸಲು. 28ರಲ್ಲಿ 24 ಬಿಟ್ಟುಗಳು ಚಿತ್ರದ ದತ್ತಾಂಶ. ಉಳಿದವು ಗೆರೆ, ಚಿತ್ರಗಳ ಗಡಿಯನ್ನು ಸೂಚಿಸುವಂತಹವು. ಇವುಗಳ ಜೊತೆಗೆ ಗಣಕಯಂತ್ರದಿಂದ ಕ್ಯಾಮೆರಾಕ್ಕೆ ತತ್‌ಕ್ಷಣದ ಸೂಚನೆ ನೀಡಲು ನಾಲ್ಕು ಜೋಡಿ, ಮಾತುಕತೆಗೆ ಎರಡು ಜೋಡಿ. ಒಟ್ಟು 11 ಜೋಡಿಗಳ 22 ತಂತಿಗಳು ಮತ್ತು ನಾಲ್ಕು ಭೂಸಂಪರ್ಕಗಳು ಸೇರಿ 26 ಸೂಜಿಗಳ ಒಂದು ಕನೆಕ್ಟರು ಸಿದ್ಧವಾಯಿತು. ಗಡಿಯಾರದ ವೇಗ ಸೆಕೆಂಡಿಗೆ 8.5 ಕೋಟಿ ಬಡಿತವಿದ್ದಾಗ ಇದರ ಮೂಲರೂಪದಲ್ಲಿ ಸೆಕೆಂಡಿಗೆ 255 ಮೆಗಾಬೈಟ್ ದತ್ತಾಂಶ ಸಾಗುತ್ತದೆ. ಎರಡನೆಯ ಕೇಬಲ್ಲನ್ನು ಸೇರಿಸಿದರೆ ಈ ಪ್ರಮಾಣ ಮಧ್ಯಮ ರೂಪದಲ್ಲಿ 510, ಪೂರ್ಣ ರೂಪದಲ್ಲಿ 680 ಮೆಗಾಬೈಟಿಗೆ ಏರುತ್ತದೆ. 80 ಬಿಟ್ಟುಗಳ ರೂಪದಲ್ಲಿ ಇದು 850 ಮೆಗಾಬೈಟನ್ನು ಮುಟ್ಟುತ್ತದೆ. ಕೇಬಲ್ಲಿನ ಉದ್ದ ಸಾಮಾನ್ಯವಾಗಿ 10 ಮೀಟರಿಗೆ ಸೀಮಿತ.

ಕ್ಯಾಮೆರಾ ಲಿಂಕಿನ ಬಲ ಅದರ ಖಚಿತತೆಯಲ್ಲಿದೆ. ಸೂಚನೆಯ ತಂತಿಯ ಮೇಲೆ ಹೊರಟ ಸಂಕೇತ ಯಾವ ಸರದಿಯಲ್ಲಿಯೂ ನಿಲ್ಲದೆ ಕ್ಯಾಮೆರಾವನ್ನು ತಲುಪುತ್ತದೆ. ವೇಗವಾಗಿ ಓಡುವ ಹಾಳೆಯ ಚಲನೆಗೆ ಸರಿಯಾಗಿ ಗೆರೆಗಳನ್ನು ಓದಬೇಕಾದ ಕಡೆ ಈ ಗುಣ ಅಮೂಲ್ಯ. ಆದರೆ ಮಾನಕ ಒಂದು ಕಡೆ ಮೌನ ತಾಳಿತು. ಕ್ಯಾಮೆರಾದೊಡನೆ ಮಾತನಾಡಲು ತಂತಿಯನ್ನೇನೋ ಅದು ಕೊಟ್ಟಿತು. ಆ ತಂತಿಯ ಮೇಲೆ ಏನನ್ನು ಮಾತನಾಡಬೇಕು ಎಂಬುದನ್ನು ತಯಾರಕರಿಗೇ ಬಿಟ್ಟಿತು. ಬೆಳಕಿಗೆ ಸಂವೇದಕವನ್ನು ಒಡ್ಡುವ ಅವಧಿಯನ್ನು ಬದಲಿಸಲು ಒಂದು ಕಂಪನಿಯ ಕ್ಯಾಮೆರಾಕ್ಕೆ ಒಂದು ಅಕ್ಷರಸಾಲು, ಮತ್ತೊಂದಕ್ಕೆ ಮತ್ತೊಂದು. ಪ್ರತಿಯೊಂದು ಕ್ಯಾಮೆರಾಕ್ಕೂ ಫಲಕದ ತಯಾರಕರು ಪ್ರತ್ಯೇಕ ಸಂರಚನಾ ಕಡತವನ್ನು ಸಿದ್ಧಪಡಿಸಬೇಕಾಗುತ್ತಿತ್ತು. ಭೌತಿಕ ಮತ್ತು ರವಾನೆಯ ಸ್ತರಗಳಲ್ಲಿ ಒಪ್ಪಂದ ಏರ್ಪಟ್ಟಿತಾದರೂ ಭಾಷೆಯ ಸ್ತರ ಹಾಗೆಯೇ ಉಳಿಯಿತು.

ಫೈರ್‌ವೈರ್: ಮನೆಬಳಕೆಯ ತಂತಿ, ಮೊದಲ ನಿಘಂಟು

ಇದೇ ಕಾಲದಲ್ಲಿ ಬೇರೊಂದು ಧಾರೆಯೂ ಹರಿಯುತ್ತಿತ್ತು. ಆಪಲ್ ಕಂಪನಿಯಲ್ಲಿ ಫೈರ್‌ವೈರ್ ಎಂಬ ಹೆಸರಿನಿಂದ ಬೆಳೆದ ಸಂಪರ್ಕ ವ್ಯವಸ್ಥೆ 1995ರಲ್ಲಿ ಐಟ್ರಿಪಲ್‌ಇ 1394 ಎಂಬ ಮಾನಕವಾಯಿತು. ಮನೆಬಳಕೆಯ ಡಿಜಿಟಲ್ ವಿಡಿಯೊ ಕ್ಯಾಮೆರಾಗಳಲ್ಲಿ ಅದು ವ್ಯಾಪಕವಾಗಿ ಬಳಕೆಗೆ ಬಂದಿತು. ಸೆಕೆಂಡಿಗೆ 400 ಮೆಗಾಬಿಟ್ ವೇಗದ ಈ ತಂತಿಯಲ್ಲಿ ಕಾಲವನ್ನು ಸೆಕೆಂಡಿನ 8000ದ ಒಂದು ಭಾಗದಷ್ಟು ಸಣ್ಣ ಆವರ್ತಗಳಾಗಿ ವಿಭಜಿಸಿ, ಪ್ರತಿ ಆವರ್ತದಲ್ಲಿಯೂ ಚಿತ್ರಕ್ಕೆ ನಿಶ್ಚಿತ ಪಾಲನ್ನು ಕಾಯ್ದಿರಿಸಲು ಅವಕಾಶವಿತ್ತು. ದುಬಾರಿಯಾದ ಫ್ರೇಮ್ ಗ್ರ್ಯಾಬರ್ ಫಲಕದ ಅಗತ್ಯವಿರಲಿಲ್ಲ. ಒಂದೇ ತಂತಿಯಲ್ಲಿ ಕ್ಯಾಮೆರಾಕ್ಕೆ ವಿದ್ಯುತ್ತೂ ದೊರೆಯುತ್ತಿತ್ತು. 4.5 ಮೀಟರ್ ಉದ್ದದ ಮಿತಿ ಮಾತ್ರ ಕಾರ್ಖಾನೆಗೆ ಕಿರಿಕಿರಿಯಾಗಿತ್ತು.

ಫೈರ್‌ವೈರಿನ ಹೆಚ್ಚಿನ ಕೊಡುಗೆ ಇದ್ದದ್ದು ಮೂರನೆಯ ಸ್ತರದಲ್ಲಿ. 1394 ಟ್ರೇಡ್ ಅಸೋಸಿಯೇಷನ್ ಎಂಬ ಸಂಘಟನೆ ರೂಪಿಸಿದ, ಮುಂದೆ ಐಐಡಿಸಿ ಎಂದು ಪ್ರಸಿದ್ಧವಾದ ಕ್ಯಾಮೆರಾ ನಿಯಮಾವಳಿ 1990ರ ದಶಕದ ನಡುವಿನಲ್ಲಿಯೇ ಕ್ಯಾಮೆರಾದ ನಿಯಂತ್ರಣಗಳಿಗೆಲ್ಲ ನಿಶ್ಚಿತ ವಿಳಾಸಗಳನ್ನು ಗೊತ್ತುಪಡಿಸಿತು. ಹೊಳಪು ಇಂತಹ ವಿಳಾಸದಲ್ಲಿ, ಷಟರ್ ಇಂತಹ ವಿಳಾಸದಲ್ಲಿ, ಚಿತ್ರದ ಗಾತ್ರ ಇಂತಹ ವಿಳಾಸದಲ್ಲಿ ಎಂಬ ಈ ಪಟ್ಟಿಯಿಂದಾಗಿ ಒಂದೇ ತಂತ್ರಾಂಶ ಅನೇಕ ತಯಾರಕರ ಕ್ಯಾಮೆರಾಗಳನ್ನು ನಡೆಸಬಲ್ಲದಾಯಿತು. ಕೈಗಾರಿಕಾ ಕ್ಯಾಮೆರಾಗಳ ಮೊದಲ ಸಮಾನ ನಿಘಂಟು ಇದೆಂದು ಹೇಳಬಹುದು.

ಈ ನಿಘಂಟಿಗೆ ಎರಡು ಮಿತಿಗಳಿದ್ದವು. ಪದಗಳ ಪಟ್ಟಿ ಮೊದಲೇ ಮುಗಿದುಹೋಗಿತ್ತು. ಪಟ್ಟಿಯಲ್ಲಿಲ್ಲದ ಹೊಸ ಸೌಲಭ್ಯವನ್ನು ಸೇರಿಸುವ ತಯಾರಕ ಮತ್ತೆ ತನ್ನ ಖಾಸಗಿ ವಿಳಾಸಗಳಿಗೆ ಮೊರೆಹೋಗಬೇಕಾಗಿತ್ತು. ಎರಡನೆಯದು ಅಳತೆಯ ಸಮಸ್ಯೆ. ಷಟರಿನ ವಿಳಾಸದಲ್ಲಿ 500 ಎಂಬ ಸಂಖ್ಯೆಯನ್ನು ಬರೆದರೆ ಅದು ಎಷ್ಟು ಹೊತ್ತಿಗೆ ಸಮ ಎಂಬುದು ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಬದಲಾಗುತ್ತಿತ್ತು. ನಿಜವಾದ ಕಾಲಮಾನದಲ್ಲಿ ಹೇಳುವ ಸೌಲಭ್ಯ ಮುಂದಿನ ಆವೃತ್ತಿಗಳಲ್ಲಿ ಬಂದರೂ ಅದು ಐಚ್ಛಿಕವಾಗಿತ್ತು. ಊರಿಗೊಂದು ಕೊಳಗವಿದ್ದ ಕಾಲದಲ್ಲಿ ಕೊಳಗ ಎಂಬ ಹೆಸರು ಒಂದೇ ಆಗಿದ್ದರೂ ಅಳೆದ ಧಾನ್ಯ ಒಂದೇ ಆಗಿರಲಿಲ್ಲ. ಇಲ್ಲಿಯೂ ಹೆಸರು ಸಮಾನವಾಗಿತ್ತು, ಮಾನ ಸಮಾನವಾಗಿರಲಿಲ್ಲ.

ಫೈರ್‌ವೈರಿನ ಅವಸಾನಕ್ಕೆ ಕಾರಣವಾದದ್ದು ಈ ಮಿತಿಗಳಲ್ಲ. 2002ರಲ್ಲಿ 800 ಮೆಗಾಬಿಟ್ ವೇಗದ ಆವೃತ್ತಿ ಬಂದಿತಾದರೂ ಗೃಹೋಪಯೋಗಿ ಮಾರುಕಟ್ಟೆ ಯುಎಸ್‌ಬಿಯತ್ತ ವಾಲಿತು. 2011ರಲ್ಲಿ ಆಪಲ್ ತನ್ನ ಗಣಕಯಂತ್ರಗಳಲ್ಲಿ ಥಂಡರ್‌ಬೋಲ್ಟ್ ಎಂಬ ಹೊಸ ಸಂಪರ್ಕವನ್ನು ಅಳವಡಿಸಿತು. ಮರುವರ್ಷದ ಅದರ ರೆಟಿನಾ ಪರದೆಯ ಲ್ಯಾಪ್‌ಟಾಪಿನಲ್ಲಿ ಫೈರ್‌ವೈರ್ ರಂಧ್ರವೇ ಇರಲಿಲ್ಲ. ಮನೆಯ ಗಣಕಯಂತ್ರಕ್ಕೆ ನಾಲ್ಕೈದು ವರ್ಷಗಳ ಆಯುಷ್ಯ ಸಾಕು. ಕಾರ್ಖಾನೆಯ ತಪಾಸಣಾ ಯಂತ್ರ ಹತ್ತು ಹದಿನೈದು ವರ್ಷ ದುಡಿಯಬೇಕೆಂದು ಕೊಂಡದ್ದಾಗಿರುತ್ತದೆ. ಇನ್ನೊಂದು ಮಾರುಕಟ್ಟೆಗಾಗಿ ಹುಟ್ಟಿದ ತಂತಿಯನ್ನು ನೆಚ್ಚಿದವರು ಆ ಮಾರುಕಟ್ಟೆ ಕೈಬಿಟ್ಟಾಗ ಅನಾಥರಾಗುತ್ತಾರೆ ಎಂಬ ಪಾಠ ಇಲ್ಲಿ ದೊರೆಯಿತು. ಐಐಡಿಸಿ ನಿಯಮಾವಳಿ ಫೈರ್‌ವೈರ್ ತಂತಿಯೊಡನೆ ಬೆಸೆದುಕೊಂಡಿದ್ದರಿಂದ ತಂತಿಯೊಡನೆ ಆ ನಿಘಂಟೂ ಹಿಂದೆ ಸರಿಯಿತು.

ಗಿಗಿ ವಿಷನ್: ಜಾಲದ ಮೇಲೆ ಚಿತ್ರ

ತಿರುಚಿದ ತಾಮ್ರದ ತಂತಿಯ ಮೇಲೆ ಸೆಕೆಂಡಿಗೆ 1000 ಮೆಗಾಬಿಟ್ ಸಾಗಿಸುವ ಗಿಗಾಬಿಟ್ ಈಥರ್ನೆಟ್ ಮಾನಕ 1999ರಲ್ಲಿ ಸಿದ್ಧವಾಗಿತ್ತು. ಕಚೇರಿಗಳ ಗಣಕಜಾಲಕ್ಕೆ ಬಳಸುವ ಅಗ್ಗದ ಕೇಬಲ್ಲು, 100 ಮೀಟರಿನ ದೂರ, ಎಲ್ಲ ಗಣಕಯಂತ್ರಗಳಲ್ಲಿಯೂ ದೊರೆಯುವ ರಂಧ್ರ ಇವು ಕ್ಯಾಮೆರಾ ತಯಾರಕರನ್ನು ಆಕರ್ಷಿಸಿದವು. ಎಐಎ ಆಶ್ರಯದಲ್ಲಿ ನಡೆದ ಸಮಾಲೋಚನೆಗಳ ಫಲವಾಗಿ 2006ರ ಮೇ ತಿಂಗಳಲ್ಲಿ ಗಿಗಿ ವಿಷನ್ ಮಾನಕದ ಮೊದಲ ಆವೃತ್ತಿ ಹೊರಬಂದಿತು. ಜಾಲದ ಮೇಲೆ ಚಿತ್ರ ಸಾಗಿಸುವ ತಂತ್ರವನ್ನು ಮೊದಲೇ ಬೆಳೆಸಿದ್ದ ಕೆನಡಾದ ಪ್ಲಿಯೋರಾ ಕಂಪನಿ ಈ ಪ್ರಯತ್ನದಲ್ಲಿ ಮುಖ್ಯ ಪಾತ್ರ ವಹಿಸಿತು.

ಈ ಮಾನಕದಲ್ಲಿ ಎರಡು ನಿಯಮಾವಳಿಗಳಿವೆ. ಒಂದು ಕ್ಯಾಮೆರಾವನ್ನು ಜಾಲದಲ್ಲಿ ಹುಡುಕಿ ನಿಯಂತ್ರಿಸುವುದಕ್ಕೆ, ಇನ್ನೊಂದು ಚಿತ್ರವನ್ನು ಸಾಗಿಸುವುದಕ್ಕೆ. ಎರಡೂ ಯುಡಿಪಿ ಎಂಬ ಸರಳ ಅಂತರ್ಜಾಲ ನಿಯಮದ ಮೇಲೆ ನಿಂತಿವೆ. ಯುಡಿಪಿಯಲ್ಲಿ ಕಳುಹಿಸಿದ ಪೊಟ್ಟಣ ತಲುಪಿತೆ ಎಂದು ವಿಚಾರಿಸುವ ಏರ್ಪಾಡಿಲ್ಲ. ಅದರಿಂದಲೇ ಅದು ವೇಗಶಾಲಿ. ಕಳೆದುಹೋದ ಪೊಟ್ಟಣಗಳಿಗೆ ಮಾನಕವೇ ಉಪಾಯವನ್ನು ಒದಗಿಸಿತು. ಪ್ರತಿ ಪೊಟ್ಟಣಕ್ಕೂ ಕ್ರಮಸಂಖ್ಯೆ ಇರುತ್ತದೆ; ನಡುವಿನ ಸಂಖ್ಯೆ ತಪ್ಪಿದರೆ ಸ್ವೀಕರಿಸುವ ಗಣಕಯಂತ್ರ ಅದೊಂದನ್ನೇ ಮತ್ತೆ ಕೇಳಿ ಪಡೆಯುತ್ತದೆ.

ಮಿತಿಗಳೂ ಇದ್ದವು. ಸೆಕೆಂಡಿಗೆ ಗರಿಷ್ಠ 125 ಮೆಗಾಬೈಟ್ ಎಂಬ ವೇಗ ಕ್ಯಾಮೆರಾ ಲಿಂಕಿನ ಮೂಲರೂಪದ ಅರ್ಧಕ್ಕಿಂತ ಕಡಿಮೆ. ಹಲವು ಕ್ಯಾಮೆರಾಗಳು ಒಂದೇ ಕೂಡುದಾರಿಗೆ ಬಂದಾಗ ಪೊಟ್ಟಣಗಳು ಸರದಿಯಲ್ಲಿ ಕಾಯುತ್ತವೆ. ಪೊಟ್ಟಣಗಳನ್ನು ಬಿಚ್ಚುವ ಹೊರೆ ಗಣಕಯಂತ್ರದ ಮೇಲೆ ಬೀಳುತ್ತದೆ. 2011ರ ಎರಡನೆಯ ಆವೃತ್ತಿಯಲ್ಲಿ ಹತ್ತು ಪಟ್ಟು ವೇಗದ ಈಥರ್ನೆಟ್ಟಿಗೂ, ಜಾಲದಲ್ಲಿರುವ ಎಲ್ಲ ಕ್ಯಾಮೆರಾಗಳ ಗಡಿಯಾರಗಳನ್ನು ಹೊಂದಿಸುವ ಐಟ್ರಿಪಲ್‌ಇ 1588 ವಿಧಾನಕ್ಕೂ ಸ್ಥಾನ ದೊರೆಯಿತು.

ಜೆನೈಕ್ಯಾಮ್: ತನ್ನನ್ನು ತಾನೇ ಬಣ್ಣಿಸಿಕೊಳ್ಳುವ ಕ್ಯಾಮೆರಾ

ಗಿಗಿ ವಿಷನ್ ಜೊತೆಗೇ ಯುರೋಪಿನಲ್ಲಿ ರೂಪುಗೊಂಡ ಇನ್ನೊಂದು ಮಾನಕ ಈ ಇತಿಹಾಸದ ತಿರುವು. 2003ರಲ್ಲಿ ಸ್ಥಾಪಿತವಾದ ಯುರೋಪಿಯನ್ ಮೆಷಿನ್ ವಿಷನ್ ಅಸೋಸಿಯೇಷನ್ 2006ರಲ್ಲಿ ಪ್ರಕಟಿಸಿದ ಜೆನೈಕ್ಯಾಮ್ ಯಾವ ತಂತಿಯ ಬಗೆಗೂ ಮಾತನಾಡುವುದಿಲ್ಲ. ಅದು ಕೇವಲ ಭಾಷೆಯ ಒಪ್ಪಂದ.

ಐಐಡಿಸಿಯ ಕ್ರಮವನ್ನು ಜೆನೈಕ್ಯಾಮ್ ತಲೆಕೆಳಗು ಮಾಡಿತು ಎನ್ನಬಹುದು. ಐಐಡಿಸಿಯಲ್ಲಿ ಮಾನಕವೇ ವಿಳಾಸಗಳನ್ನು ನಿಗದಿಪಡಿಸುತ್ತಿತ್ತು. ಎಲ್ಲ ಕ್ಯಾಮೆರಾಗಳೂ ಅದಕ್ಕೆ ಹೊಂದಿಕೊಳ್ಳಬೇಕಾಗಿತ್ತು. ಜೆನೈಕ್ಯಾಮಿನಲ್ಲಿ ತಯಾರಕ ತನ್ನ ಕ್ಯಾಮೆರಾದೊಳಗಿನ ವಿಳಾಸಗಳನ್ನು ಇಚ್ಛೆಬಂದಂತೆ ಇರಿಸಿಕೊಳ್ಳಬಹುದು. ಆದರೆ ಯಾವ ಸೌಲಭ್ಯ ಯಾವ ವಿಳಾಸದಲ್ಲಿದೆ, ಅದರ ಕನಿಷ್ಠ ಗರಿಷ್ಠ ಮೌಲ್ಯಗಳೇನು, ಯಾವ ಸೂತ್ರದಿಂದ ಅದನ್ನು ನಿಜವಾದ ಮಾನಕ್ಕೆ ಪರಿವರ್ತಿಸಬೇಕು ಎಂಬುದನ್ನೆಲ್ಲ ಎಕ್ಸ್‌ಎಂಎಲ್ ರೂಪದ ಒಂದು ವಿವರಣಾ ಕಡತದಲ್ಲಿ ಬರೆದು ಒದಗಿಸಬೇಕು. ಈ ಕಡತವನ್ನು ಸಾಮಾನ್ಯವಾಗಿ ಕ್ಯಾಮೆರಾದೊಳಗೇ ಇರಿಸಲಾಗುತ್ತದೆ. ಸಂಪರ್ಕ ಏರ್ಪಟ್ಟೊಡನೆ ಗಣಕಯಂತ್ರ ಅದನ್ನು ಓದಿಕೊಳ್ಳುತ್ತದೆ. ಹಿಂದೆಂದೂ ಕಂಡಿರದ ಕ್ಯಾಮೆರಾವನ್ನೂ ಅದು ನಡೆಸಬಲ್ಲದು. ಪಟ್ಟಿಯಲ್ಲಿಲ್ಲದ ಹೊಸ ಸೌಲಭ್ಯವೂ ಬಳಕೆದಾರನಿಗೆ ತನ್ನಿಂದತಾನೇ ಕಾಣಿಸಿಕೊಳ್ಳುತ್ತದೆ.

ಕ್ಯಾಮೆರಾ ತನ್ನನ್ನು ಬಣ್ಣಿಸಿಕೊಂಡರಷ್ಟೇ ಸಾಲದು. ಎಲ್ಲರೂ ಒಂದೇ ಸಂಗತಿಯನ್ನು ಒಂದೇ ಹೆಸರಿನಿಂದ ಕರೆಯಬೇಕು. ಜೆನೈಕ್ಯಾಮಿನ ಅಂಗವಾಗಿ ಬೆಳೆದ ಹೆಸರುಗಳ ಸಂಹಿತೆ ಈ ಕೊರತೆಯನ್ನು ತುಂಬಿತು. ಐಐಡಿಸಿಯ ಷಟರ್ ಇದರಲ್ಲಿ ‘ಎಕ್ಸ್‌ಪೋಷರ್ ಟೈಮ್’ ಆಯಿತು. ಅದರ ಮಾನ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ, ಅಂದರೆ ಮೈಕ್ರೊಸೆಕೆಂಡು ಎಂದು ಗೊತ್ತಾಯಿತು. ಹಿಂದೆ ಅರ್ಥ ಬದಲಾಗುತ್ತಿದ್ದ 500 ಎಂಬ ಸಂಖ್ಯೆ, ಈ ಸಂಹಿತೆಯನ್ನು ಪಾಲಿಸುವ ಎಲ್ಲ ಕ್ಯಾಮೆರಾಗಳಲ್ಲಿಯೂ ಒಂದೇ ಅವಧಿಯನ್ನು ಸೂಚಿಸತೊಡಗಿತು. ಊರಿಗೊಂದು ಕೊಳಗದ ಕಾಲ ಇಲ್ಲಿಗೆ ಮುಗಿಯಿತು. ಇವುಗಳೊಡನೆ ಬಂದ ಜೆನ್‌ಟಿಎಲ್ ಎಂಬ ಭಾಗ, ಚಿತ್ರವನ್ನು ಪಡೆಯುವ ತಂತ್ರಾಂಶಕ್ಕೂ ಅದನ್ನು ತಂದುಕೊಡುವ ಚಾಲಕ ತಂತ್ರಾಂಶಕ್ಕೂ ನಡುವಿನ ಗಡಿಯನ್ನು ಏಕರೂಪಗೊಳಿಸಿತು.

ಗಿಗಿ ವಿಷನ್ ಮಾನಕ ತನ್ನ ಕ್ಯಾಮೆರಾಗಳು ಜೆನೈಕ್ಯಾಮ್ ವಿವರಣೆಯನ್ನು ಒದಗಿಸಬೇಕೆಂದು ಕಡ್ಡಾಯ ಮಾಡಿತು. ಅಮೆರಿಕದ ಸಂಘಟನೆ ತಂತಿಯ ಮಾನಕವನ್ನೂ ಯುರೋಪಿನ ಸಂಘಟನೆ ಭಾಷೆಯ ಮಾನಕವನ್ನೂ ಪ್ರತ್ಯೇಕವಾಗಿ ನಿರ್ವಹಿಸಿ, ಒಂದನ್ನೊಂದು ಅವಲಂಬಿಸಿದ ಈ ಏರ್ಪಾಡು ಮುಂದಿನ ಬೆಳವಣಿಗೆಗೆ ಮಾದರಿಯಾಯಿತು.

ಹೊಸ ತಂತಿಗಳು, ಅದೇ ಭಾಷೆ

2009ರಲ್ಲಿ ಅಮೆರಿಕ, ಯುರೋಪ್ ಮತ್ತು ಜಪಾನಿನ ಉದ್ಯಮ ಸಂಘಟನೆಗಳು ಮಾನಕಗಳ ವಿಷಯದಲ್ಲಿ ಸಹಕರಿಸಲು ಒಪ್ಪಂದ ಮಾಡಿಕೊಂಡವು. ಅನಂತರದ ನಾಲ್ಕೈದು ವರ್ಷಗಳಲ್ಲಿ ಮೂರು ಹೊಸ ತಂತಿಗಳು ಬಳಕೆಗೆ ಬಂದವು.

ಮೊದಲನೆಯದು ಕೋಯಾಕ್ಸ್‌ಪ್ರೆಸ್. ನೆದರ್‌ಲ್ಯಾಂಡಿನ ಅಡಿಮೆಕ್, ಬೆಲ್ಜಿಯಮ್ಮಿನ ಎಕ್ಕೊಲಾಜಿಕ್ ಮೊದಲಾದ ಕಂಪನಿಗಳ ಪ್ರಯತ್ನದಿಂದ ಆರಂಭವಾದ ಇದು 2011ರ ವೇಳೆಗೆ ಜಪಾನಿನ ಕೈಗಾರಿಕಾ ಚಿತ್ರಣ ಸಂಘದ ಆಶ್ರಯದಲ್ಲಿ ಮಾನಕವಾಯಿತು. ದೂರದರ್ಶನದ ಕಾಲದ ಏಕಾಕ್ಷ ಕೇಬಲ್ಲು ಇದರ ಮೂಲಕ ಕಾರ್ಖಾನೆಗೆ ಮರಳಿತು. ಒಂದೇ ಕೇಬಲ್ಲಿನಲ್ಲಿ ಕ್ಯಾಮೆರಾದಿಂದ ಸೆಕೆಂಡಿಗೆ 6.25 ಗಿಗಾಬಿಟ್ ವೇಗದಲ್ಲಿ ಚಿತ್ರ, ಎದುರು ದಿಕ್ಕಿನಲ್ಲಿ 20.8 ಮೆಗಾಬಿಟ್ ವೇಗದಲ್ಲಿ ಆಜ್ಞೆ, ಜೊತೆಗೆ 13 ವಾಟ್‌ವರೆಗಿನ ವಿದ್ಯುತ್ತು ಹರಿಯುತ್ತವೆ. ಎಂಟು ಬಿಟ್ಟುಗಳನ್ನು ಹತ್ತಾಗಿ ಬರೆಯುವ ಸಂಕೇತಲಿಪಿಯ ಪಾಲನ್ನು ಕಳೆದರೆ ಚಿತ್ರಕ್ಕೆ ಉಳಿಯುವುದು ಸೆಕೆಂಡಿಗೆ 625 ಮೆಗಾಬೈಟ್. 2019ರ ಎರಡನೆಯ ಆವೃತ್ತಿಯಲ್ಲಿ ಈ ವೇಗ ಇಮ್ಮಡಿಯಾಗಿ 12.5 ಗಿಗಾಬಿಟ್‌ಗೆ ಏರಿತು.

ಎರಡನೆಯದು 2012ರ ಕ್ಯಾಮೆರಾ ಲಿಂಕ್ ಎಚ್‌ಎಸ್. ಹೆಸರಿನಲ್ಲಿ ಕ್ಯಾಮೆರಾ ಲಿಂಕಿನ ಉತ್ತರಾಧಿಕಾರಿಯಾದರೂ ಪೊಟ್ಟಣಗಳನ್ನು ಆಧರಿಸಿದ, ಬೆಳಕಿನ ತಂತುವಿನ ಮೇಲೆಯೂ ಸಾಗಬಲ್ಲ ಬೇರೆಯೇ ವ್ಯವಸ್ಥೆ ಇದು. ಮೂರನೆಯದು 2013ರ ಜನವರಿಯಲ್ಲಿ ಪ್ರಕಟವಾದ ಯುಎಸ್‌ಬಿ3 ವಿಷನ್. ಸೆಕೆಂಡಿಗೆ 5 ಗಿಗಾಬಿಟ್ ವೇಗದ ಯುಎಸ್‌ಬಿ 3.0 ತಂತಿಯನ್ನು ಇದು ಸ್ವೀಕರಿಸಿತು. ಯಂತ್ರದ ಕಂಪನಕ್ಕೆ ಕಳಚಿಕೊಳ್ಳದಂತೆ ತಿರುಪು ಬಿಗಿಯುವ ಕನೆಕ್ಟರನ್ನೂ ನಿರೂಪಿಸಿತು. ಮನೆಬಳಕೆಯ ತಂತಿಯನ್ನು ನೆಚ್ಚುವ ಅಪಾಯ ಫೈರ್‌ವೈರಿನಲ್ಲಿದ್ದಂತೆ ಇಲ್ಲಿಯೂ ಇದೆ. ಆದರೆ ಅಂದಿಗೂ ಇಂದಿಗೂ ಒಂದು ವ್ಯತ್ಯಾಸವಿದೆ.

ಈ ಮೂರು ಮಾನಕಗಳೂ ನಿಯಂತ್ರಣದ ಭಾಷೆಯಾಗಿ ಜೆನೈಕ್ಯಾಮನ್ನೇ ಸ್ವೀಕರಿಸಿವೆ. ಫೈರ್‌ವೈರಿನಿಂದ ಬೇರೆ ತಂತಿಗೆ ಹೋಗುವವರು ಕ್ಯಾಮೆರಾದೊಡನೆ ವ್ಯವಹರಿಸುವ ತಂತ್ರಾಂಶವನ್ನು ಹೊಸದಾಗಿ ಬರೆಯಬೇಕಾಗಿತ್ತು. ಗಿಗಿ ವಿಷನ್ನಿನಿಂದ ಯುಎಸ್‌ಬಿ3 ವಿಷನ್ನಿಗೋ ಕೋಯಾಕ್ಸ್‌ಪ್ರೆಸ್ಸಿಗೋ ಹೋಗುವವರಿಗೆ ಆ ತಂತ್ರಾಂಶದ ಬಹುಭಾಗ ಹಾಗೆಯೇ ಉಳಿಯುತ್ತದೆ. ಮೌನವಾಗಿದ್ದ ಹಳೆಯ ಕ್ಯಾಮೆರಾ ಲಿಂಕಿಗೂ ಜೆನೈಕ್ಯಾಮ್ ಬಳಗ ಸಿಎಲ್ ಪ್ರೋಟೊಕಾಲ್ ಎಂಬ ಸೇತುವೆಯನ್ನು ಒದಗಿಸಿತು. ತಯಾರಕರ ಖಾಸಗಿ ಅಕ್ಷರಸಾಲುಗಳನ್ನು ಸಮಾನ ಹೆಸರುಗಳಿಗೆ ಅನುವಾದಿಸುವ ಕೆಲಸ ಅದರದು. ತನಗಿಂತ ಹಿಂದೆ ಹುಟ್ಟಿದ ತಂತಿಯನ್ನೂ ಒಳಗೊಳ್ಳಲು ಈ ಭಾಷೆಗೆ ಸಾಧ್ಯವಾಯಿತು.

ಒಪ್ಪಂದದ ಮಿತಿಗಳು

ಈ ಬೆಳವಣಿಗೆಯನ್ನು ನಿರಾಬಾಧವಾದ ಯಶಸ್ಸೆಂದು ಬಣ್ಣಿಸುವುದು ಸರಿಯಾಗದು. ಹೆಸರುಗಳ ಸಂಹಿತೆಯಲ್ಲಿ ಕಡ್ಡಾಯವಾದವು ಕೆಲವೇ, ಉಳಿದವು ಐಚ್ಛಿಕ. ತನ್ನ ಕ್ಯಾಮೆರಾ ಇತರರದ್ದಕ್ಕಿಂತ ಭಿನ್ನವೆಂದು ತೋರಿಸಬೇಕಾದ ತಯಾರಕ ಸಂಹಿತೆಯಲ್ಲಿಲ್ಲದ ಸೌಲಭ್ಯಗಳನ್ನು ಸೇರಿಸುತ್ತಲೇ ಇರುತ್ತಾನೆ. ಅವನ್ನು ಬಳಸಿದ ತಂತ್ರಾಂಶ ಮತ್ತೆ ಆ ತಯಾರಕನಿಗೆ ಅಂಟಿಕೊಳ್ಳುತ್ತದೆ. ಒಂದೇ ಹೆಸರಿನ ಸೌಲಭ್ಯ ಎರಡು ಕ್ಯಾಮೆರಾಗಳಲ್ಲಿ ಸೂಕ್ಷ್ಮವಾಗಿ ಬೇರೆಯಾಗಿ ವರ್ತಿಸುವ ಸಾಧ್ಯತೆಯನ್ನೂ ಭಾಷೆಯ ಒಪ್ಪಂದವೊಂದೇ ತಡೆಯಲಾರದು. ಈ ಕಾರಣದಿಂದಲೇ ಮಾನಕ ಸಮಿತಿಗಳ ಸಭೆಗಳಲ್ಲಿ ಸ್ಪರ್ಧಿ ಕಂಪನಿಗಳ ಎಂಜಿನಿಯರುಗಳು ತಮ್ಮ ಉಪಕರಣಗಳನ್ನು ಪರಸ್ಪರ ಜೋಡಿಸಿ ಪರೀಕ್ಷಿಸುವ ಪರಿಪಾಠ ಬೆಳೆದಿದೆ.

ತಂತಿಯ ಮಹತ್ವವೂ ಪೂರ್ಣವಾಗಿ ಅಳಿದಿಲ್ಲ. ಭಾಷೆ ಒಂದೇ ಆದರೂ 10 ಮೀಟರಿನ ಕೇಬಲ್ಲು 100 ಮೀಟರಿಗೆ ಎಟಕದು. ಸರದಿಯಲ್ಲಿ ನಿಲ್ಲುವ ಪೊಟ್ಟಣ ನೇರ ಸೂಚನೆಯಷ್ಟು ಖಚಿತವಾಗದು. ಸಮಾನ ಭಾಷೆಯಿಲ್ಲದೆ ಹುಟ್ಟಿದ ಕ್ಯಾಮೆರಾ ಲಿಂಕ್ ಎರಡು ದಶಕಗಳಿಗೂ ಮೀರಿ ಬಾಳಿದ್ದಕ್ಕೆ ಅದರ ಖಚಿತತೆ ಮುಖ್ಯ ಕಾರಣ. ಅದು ಕೈಗಾರಿಕೆ ತನಗಾಗಿಯೇ ರೂಪಿಸಿಕೊಂಡ ತಂತಿಯಾದ್ದರಿಂದ ಮತ್ತೊಂದು ಮಾರುಕಟ್ಟೆಯ ಇಷ್ಟಾನಿಷ್ಟಗಳು ಅದನ್ನು ಬಾಧಿಸಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಂಘಟನೆಗಳ ಸ್ವರೂಪವೂ ಸ್ಥಿರವಲ್ಲ. 2021ರಲ್ಲಿ ಎಐಎ ಇತರ ಸೋದರ ಸಂಘಗಳೊಡನೆ ಸೇರಿ ಎ3 ಎಂಬ ಒಂದೇ ಸಂಘಟನೆಯಾಯಿತು. ಅದು ನಿರ್ವಹಿಸುತ್ತಿದ್ದ ಮಾನಕಗಳು ಹೊಸ ಮನೆಯಲ್ಲಿ ಮುಂದುವರಿದವು.

ಉಪಸಂಹಾರ

ಕೈಗಾರಿಕಾ ಕ್ಯಾಮೆರಾದ ಸಂಪರ್ಕ ಮಾನಕಗಳ ಇತಿಹಾಸ ಒಂದು ಸುತ್ತನ್ನು ಪೂರೈಸಿದಂತೆ ಕಾಣುತ್ತದೆ. ದೂರದರ್ಶನದ ಕಾಲದಲ್ಲಿ ಏಕಾಕ್ಷ ಕೇಬಲ್ಲು ಮತ್ತು ಸರ್ವಸಮಾನ ಹೊಂದಾಣಿಕೆ ಎರಡೂ ಇದ್ದವು. ಸಮಾನಾಂತರ ತಂತಿಗಳ ಕಾಲದಲ್ಲಿ ಎರಡೂ ಕಳೆದುಹೋದವು. ಕ್ಯಾಮೆರಾ ಲಿಂಕ್ ದೇಹದ ಒಪ್ಪಂದವನ್ನು ಮರಳಿ ತಂದಿತು. ಐಐಡಿಸಿ ಭಾಷೆಯ ಅಗತ್ಯವನ್ನು ಗುರುತಿಸಿಯೂ ಅದನ್ನು ಒಂದು ತಂತಿಗೆ ಕಟ್ಟಿಹಾಕಿತು. ಜೆನೈಕ್ಯಾಮ್ ಆ ಕಟ್ಟನ್ನು ಬಿಚ್ಚಿತು. ಅನಂತರ ಏಕಾಕ್ಷ ಕೇಬಲ್ಲು ಹಿಂದಿರುಗಿದಾಗ ಅದು ಬರಿಯ ಒಂದು ಆಯ್ಕೆಯಾಗಿತ್ತು. ಅದನ್ನು ಆರಿಸಿಕೊಂಡವರು ತಮ್ಮ ಹಿಂದಿನ ದುಡಿಮೆಯನ್ನೆಲ್ಲ ಬಿಟ್ಟುಕೊಡಬೇಕಾಗಿರಲಿಲ್ಲ.

ಯಾವ ತಂತಿ ಶ್ರೇಷ್ಠ ಎಂಬ ಚರ್ಚೆ ಪ್ರತಿ ದಶಕದಲ್ಲಿಯೂ ಹೊಸದಾಗಿ ನಡೆದಿದೆ, ಮುಂದೆಯೂ ನಡೆಯಲಿದೆ. ಯಂತ್ರವೊಂದನ್ನು ಹದಿನೈದು ವರ್ಷಗಳ ಬಳಕೆಗಾಗಿ ಕೊಳ್ಳುವ ಸಣ್ಣ ಕಾರ್ಖಾನೆಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಇಂದಿನ ತಂತಿ ಮರೆಯಾದ ದಿನ ತನ್ನ ಬಳಿ ಏನು ಉಳಿಯುತ್ತದೆ ಎಂಬುದೇ ಆ ಪ್ರಶ್ನೆ. ಫೈರ್‌ವೈರಿನ ಕಾಲದಲ್ಲಿ ಅದಕ್ಕೆ ಸಮಾಧಾನಕರ ಉತ್ತರವಿರಲಿಲ್ಲ. ತಂತಿಯನ್ನೂ ಭಾಷೆಯನ್ನೂ ಬೇರೆ ಬೇರೆಯಾಗಿ ಒಪ್ಪಿಕೊಂಡ ಅನಂತರ, ಪೂರ್ಣವಾಗಿ ಅಲ್ಲದಿದ್ದರೂ ಬಹುಮಟ್ಟಿಗೆ, ಅಂತಹ ಉತ್ತರ ದೊರೆತಿದೆ ಎಂದು ಹೇಳಬಹುದು.